ಊರಂಚಿನ ಹೊಲ ಉಳಿಸಲು ಯಾವ ದಾರಿ? ಸಿಟಿ–ಕೌಂಟಿ ಒಪ್ಪಂದಗಳ ಒಂದು ಹೋಲಿಕೆ

ಅಮೆರಿಕದಲ್ಲಿ ಪೌರತ್ವ ಸಿಕ್ಕಿ ಮತ ಹಾಕಲು ಶುರು ಮಾಡಿದ ಕನ್ನಡಿಗರಿಗೆ ಅಧ್ಯಕ್ಷರ ಚುನಾವಣೆ ಸುಲಭ. ಯಾರಿಗೆ ಹಾಕಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ತಲೆ ಕೆರೆದುಕೊಳ್ಳುವುದು ಬ್ಯಾಲೆಟ್‌ನ ಕೆಳಭಾಗಕ್ಕೆ ಬಂದಾಗ. ‘ಓಪನ್ ಸ್ಪೇಸ್ (ಕಟ್ಟಡ ಬರದ ಬಯಲು, ಹೊಲ) ಕೊಳ್ಳಲು ಕಾಲು ಸೆಂಟ್ ಸೇಲ್ಸ್ ಟ್ಯಾಕ್ಸ್ ಹಾಕಬಹುದೇ?’ ‘ಊರಿನ ಬೆಳವಣಿಗೆಯ ಗಡಿ ಬದಲಿಸಲು ಮತದಾರರ ಒಪ್ಪಿಗೆ ಬೇಕೇ?’ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದರೆ ಅರ್ಧ ಜನ ‘ಮನೆ ಬೆಲೆ ಏರುತ್ತೆ, ಯೆಸ್ ಹಾಕಿ’ ಅಂತಾರೆ. ಇನ್ನರ್ಧ ಜನ ‘ಮನೆ ಬೆಲೆ ಏರುತ್ತೆ, ನೋ ಹಾಕಿ’ ಅಂತಾರೆ.

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಆದರೆ ಹೊಲ ಉಳಿಸುವ ದಾರಿ ಒಂದೇ ಅಲ್ಲ. ಗಡಿ ಎಳೆಯುವುದು ಬೇರೆ, ಜಮೀನನ್ನೇ ಕೊಳ್ಳುವುದು ಬೇರೆ, ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುವುದು ಬೇರೆ, ಆ ಹಕ್ಕನ್ನು ಊರೊಳಗಿನ ಬಿಲ್ಡರ್‌ಗೆ ಮಾರಿಸುವುದು ಮತ್ತೂ ಬೇರೆ. ಒಂದೊಂದಕ್ಕೂ ಖರ್ಚು ಬೇರೆ, ಲಾಭ ಆಗುವವರು ಬೇರೆ. ನಿಮ್ಮ ಊರಲ್ಲಿ ಇಂಥ ಪ್ರಸ್ತಾಪ ಬಂದಾಗ ಅದು ಯಾವ ಜಾತಿಯದು, ನಿಮಗೆ ಹೊಂದುತ್ತಾ ಅಂತ ನೋಡಿಕೊಳ್ಳಲು ಈ ಬರಹ.

ಜಗಳ ಎಲ್ಲಿಂದ ಶುರು

ಕೌಂಟಿ ಅಂದರೆ ನಮ್ಮ ಜಿಲ್ಲೆ ಅಂದುಕೊಂಡರೆ ಅರ್ಧ ಸರಿ. ಇಲ್ಲಿ ಡಿಸಿ ಇಲ್ಲ. ಜನ ಆರಿಸಿದ ಮಂಡಳಿ ಇರುತ್ತದೆ. ಸಿಟಿ ಎಲ್ಲೆಯ ಹೊರಗಿನ ಜಮೀನಿನಲ್ಲಿ ಏನು ಕಟ್ಟಬಹುದು ಅಂತ ಸಾಮಾನ್ಯವಾಗಿ ಆ ಮಂಡಳಿಯೇ ಹೇಳುತ್ತದೆ. ಆ ಜಮೀನನ್ನು ಸಿಟಿ ಅನೆಕ್ಸ್ ಮಾಡಿಕೊಂಡರೆ, ಅಂದರೆ ತನ್ನ ಎಲ್ಲೆಯೊಳಗೆ ಸೇರಿಸಿಕೊಂಡರೆ, ಅಧಿಕಾರ ಸಿಟಿಗೆ ಹೋಗುತ್ತದೆ. ಅಲ್ಲಿ ಮುಂದೆ ಬರುವ ಅಂಗಡಿ, ಮಾಲ್‌ಗಳ ತೆರಿಗೆಯ ಪಾಲೂ ಹೋಗುತ್ತದೆ. ಹಾಗಾಗಿ ಇಬ್ಬರಿಗೂ ಆ ಜಮೀನಿನ ಮೇಲೆ ಕಣ್ಣು. ಬಿಲ್ಡರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಸಿಟಿ ಒಪ್ಪದಿದ್ದರೆ ಕೌಂಟಿ ಹತ್ತಿರ ಹೋಗುತ್ತಾರೆ, ಕೌಂಟಿ ಒಪ್ಪದಿದ್ದರೆ ಪಕ್ಕದ ಸಿಟಿಯನ್ನು ಹಿಡಿಯುತ್ತಾರೆ.

ಇದು ಎಷ್ಟು ಕೆಡಬಹುದು ಅನ್ನುವುದಕ್ಕೆ ಸ್ಯಾನ್ ಹೋಸೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇವತ್ತು ಸಿಲಿಕಾನ್ ವ್ಯಾಲಿ ಅನ್ನುವ ಸಾಂಟಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಏಪ್ರಿಕಾಟ್, ಪ್ರೂನ್ ತೋಟಗಳ ನಾಡು. 1950ರಿಂದ 1969ರವರೆಗೆ ಸ್ಯಾನ್ ಹೋಸೆಯ ಸಿಟಿ ಮ್ಯಾನೇಜರ್ ಆಗಿದ್ದ ‘ಡಚ್’ ಹ್ಯಾಮನ್ ಸಿಕ್ಕ ಸಿಕ್ಕ ಜಮೀನನ್ನೆಲ್ಲ ಸಿಟಿಗೆ ಸೇರಿಸಿಕೊಂಡರು. 1950ರಲ್ಲಿ 95 ಸಾವಿರ ಇದ್ದ ಜನಸಂಖ್ಯೆ 1970ರ ಹೊತ್ತಿಗೆ ನಾಲ್ಕೂವರೆ ಲಕ್ಷದ ಹತ್ತಿರ ಬಂತು. ಪಕ್ಕದ ಊರುಗಳು ತಮ್ಮನ್ನೂ ನುಂಗಿಬಿಡುತ್ತಾರೆ ಅಂತ ಹೆದರಿ ಅವೂ ಜಮೀನು ಬಾಚಿಕೊಳ್ಳಲು ಶುರು ಮಾಡಿದವು. ಸಿಟಿಗಳ ನಕ್ಷೆ ಹರಿದ ಕಾಗದದ ಚೂರುಗಳ ಹಾಗೆ ಆಯಿತು.

1970ರ ದಶಕದ ಶುರುವಿನಲ್ಲಿ ಸಾಂಟಾ ಕ್ಲಾರಾ ಕೌಂಟಿ ಮತ್ತು ಅಲ್ಲಿನ ಸಿಟಿಗಳು ಕೂತು ಒಂದು ಸರಳ ಒಪ್ಪಂದಕ್ಕೆ ಬಂದವು: ಊರಿನಂಥ ಬೆಳವಣಿಗೆ ಏನಿದ್ದರೂ ಸಿಟಿಗಳ ಒಳಗೇ. ಕೌಂಟಿ ತನ್ನ ಪಾಲಿನ ಜಮೀನಿನಲ್ಲಿ ಲೇಔಟ್‌ಗಳಿಗೆ ಒಪ್ಪಿಗೆ ಕೊಡುವುದಿಲ್ಲ. ಪ್ರತಿ ಸಿಟಿಯೂ ಎಲ್ಲಿಯವರೆಗೆ ನೀರು, ಚರಂಡಿ, ರಸ್ತೆ ಕೊಡುತ್ತೇವೆ ಅನ್ನುವ ಗೆರೆ ಹಾಕಿಕೊಳ್ಳಬೇಕು. ಆ ಗೆರೆ ಸರಿಸಬೇಕಾದರೆ ಲಾಫ್ಕೋ ಅನ್ನುವ ಮಂಡಳಿ ಒಪ್ಪಬೇಕು. ಕ್ಯಾಲಿಫೋರ್ನಿಯಾ 1963ರಲ್ಲಿ ಕೌಂಟಿಗೊಂದರಂತೆ ಈ ಮಂಡಳಿಗಳನ್ನು ಮಾಡಿತ್ತು. ಕುಪರ್ಟಿನೋ ಮನೆಯ ಹಿತ್ತಿಲಿನಿಂದ ಬೆಟ್ಟ ಇನ್ನೂ ಖಾಲಿ ಕಾಣುತ್ತದೆ ಅಂದರೆ ಅದರಲ್ಲಿ ಈ ಒಪ್ಪಂದದ ಪಾಲು ದೊಡ್ಡದು.

ತೂಗಿ ನೋಡಲು ಐದು ಪ್ರಶ್ನೆ

ಯಾವ ದಾರಿ ಮುಂದಿಟ್ಟರೂ ನಾನು ಐದು ವಿಷಯ ನೋಡುತ್ತೇನೆ. ಒಂದು, ಎಷ್ಟು ಕಾಲ ಬಾಳುತ್ತದೆ? ಮುಂದಿನ ಚುನಾವಣೆಯಲ್ಲಿ ಮೂವರು ಸದಸ್ಯರು ಬದಲಾದರೆ ಬಿದ್ದು ಹೋಗುತ್ತಾ? ಎರಡು, ದುಡ್ಡು ಯಾರ ಜೇಬಿನಿಂದ ಬರುತ್ತದೆ? ಮೂರು, ಜಮೀನಿನ ಯಜಮಾನನಿಗೆ ಏನು ಸಿಗುತ್ತದೆ? ಅಮೆರಿಕದ ರೈತನಿಗೂ ಜಮೀನೇ ಪಿಂಚಣಿ, ಜಮೀನೇ ಮಕ್ಕಳ ಕಾಲೇಜು ಫೀಸು. ನಾಲ್ಕು, ಸಿಟಿ ಮತ್ತು ಕೌಂಟಿ ಇಬ್ಬರಲ್ಲಿ ಒಬ್ಬರು ಕೈಕೊಟ್ಟರೆ ಏನಾಗುತ್ತದೆ?

ಐದನೆಯದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಇಲ್ಲಿ ಕಟ್ಟದ ಮನೆಗಳು ಎಲ್ಲಿಗೆ ಹೋಗುತ್ತವೆ?

ಬೆಳಗಿನ ಜಾವ ಇಂಟರ್‌ಸ್ಟೇಟ್ 580ರಲ್ಲಿ ಅಲ್ಟಮಾಂಟ್ ಕಣಿವೆಯ ಹತ್ತಿರ ನಿಂತು ನೋಡಿದರೆ ಉತ್ತರ ಕಾಣುತ್ತದೆ. ಟ್ರೇಸಿ, ಮೌಂಟನ್ ಹೌಸ್ ಕಡೆಯಿಂದ ಬೇ ಏರಿಯಾ ಕಡೆಗೆ ಕಾರುಗಳ ಸಾಲು. ಅವುಗಳಲ್ಲಿ ನಮ್ಮವರೂ ಇದ್ದಾರೆ. ಸಾಂಟಾ ಕ್ಲಾರಾ ಕೌಂಟಿ ತನ್ನ ಬೆಟ್ಟ, ಕಣಿವೆ ಉಳಿಸಿಕೊಂಡಿತು. ಆದರೆ ಆಫೀಸುಗಳಿಗೆ ಕೊಟ್ಟಷ್ಟು ಜಾಗವನ್ನು ಮನೆಗಳಿಗೆ ಕೊಡಲಿಲ್ಲ. ಮನೆಗಳು ಬೆಟ್ಟ ಹಾರಿ ಸ್ಯಾನ್ ವಾಕೀನ್ ಕೌಂಟಿಯ ಹೊಲಗಳಿಗೆ ಬಂದವು. ಹೊಲವಿದ್ದ ಜಾಗದಲ್ಲಿ ಎದ್ದ ಮೌಂಟನ್ ಹೌಸ್ 2024ರ ಜುಲೈನಲ್ಲಿ ಅಧಿಕೃತವಾಗಿ ಸಿಟಿಯೇ ಆಯಿತು. ಸೆಂಟ್ರಲ್ ವ್ಯಾಲಿಯ ಮಣ್ಣು ದೇಶದಲ್ಲೇ ಒಳ್ಳೆಯ ಮಣ್ಣುಗಳಲ್ಲಿ ಒಂದು. ಒಂದು ಕೌಂಟಿಯ ಹೊಲ ಉಳಿಸಲು ಇನ್ನೊಂದು ಕೌಂಟಿಯ ಹೊಲ ಹೋಯಿತು. ಹಾಗಾಗಿ ಯಾವುದೇ ಯೋಜನೆಯಲ್ಲಿ ಹಸಿರು ಬಣ್ಣ ಹಾಕಿದ ನಕ್ಷೆಯ ಜೊತೆಗೆ ಮನೆಗಳ ನಕ್ಷೆಯೂ ಇರಬೇಕು ಅನ್ನುವುದು ನನ್ನ ಮೊದಲ ಷರತ್ತು.

ಗಡಿ ಎಳೆಯುವುದು

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಸರ್ಕಾರ ಒಂದು ಎಕರೆಯನ್ನೂ ಕೊಳ್ಳಬೇಕಿಲ್ಲ. ಗೆರೆಯ ಒಳಗೆ ಊರು, ಹೊರಗೆ ಹೊಲ. ಅಮೆರಿಕದಲ್ಲಿ ಇದನ್ನು ಮೊದಲು ಮಾಡಿದ್ದು ಕೆಂಟಕಿಯ ಲೆಕ್ಸಿಂಗ್ಟನ್, 1958ರಲ್ಲಿ. ಅಲ್ಲಿ ಉಳಿಸಬೇಕಿದ್ದದ್ದು ಕುದುರೆ ಫಾರ್ಮ್‌ಗಳು. ಆದರೆ ಹೆಸರು ಮಾಡಿದ್ದು ಆರೆಗಾನ್. 1973ರಲ್ಲಿ ಗವರ್ನರ್ ಟಾಮ್ ಮೆಕಾಲ್ ಕಾಲದಲ್ಲಿ ಬಂದ ಕಾನೂನಿನಿಂದ ರಾಜ್ಯದ ಪ್ರತಿ ಸಿಟಿಯೂ ಬೆಳವಣಿಗೆಯ ಗಡಿ ಹಾಕಿಕೊಳ್ಳಲೇಬೇಕಾಯಿತು. ಪೋರ್ಟ್‌ಲ್ಯಾಂಡ್ ಸುತ್ತಲಿನ ಗಡಿಯನ್ನು ನೋಡಿಕೊಳ್ಳಲು ಮೂರು ಕೌಂಟಿ, 24 ಸಿಟಿಗಳಿಗೆ ಸೇರಿ ‘ಮೆಟ್ರೋ’ ಅನ್ನುವ ಚುನಾಯಿತ ಸಂಸ್ಥೆ ಇದೆ. ಸಿಟಿ–ಕೌಂಟಿ ಜಗಳಕ್ಕೆ ಮೇಲೊಬ್ಬ ಅಂಪೈರ್ ಇದ್ದಾನೆ ಅನ್ನುವುದೇ ಅಲ್ಲಿನ ದೊಡ್ಡ ಅನುಕೂಲ.

ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೋದಲ್ಲಿ ಇಂಟೆಲ್ ಕೆಲಸಕ್ಕೆ ಹೋಗುವ ಕನ್ನಡಿಗರು ಇದನ್ನು ದಿನಾ ನೋಡುತ್ತಾರೆ. ರಸ್ತೆಯ ಈ ಕಡೆ ಟೌನ್‌ಹೌಸ್, ಆ ಕಡೆ ಹೊಲ. ನಡುವೆ ಅರ್ಧಂಬರ್ಧ ಲೇಔಟ್‌ಗಳಿಲ್ಲ. ಬೆಂಗಳೂರಿನ ಅಂಚಿನಲ್ಲಿ ಓಡಾಡಿದವರಿಗೆ ಇಷ್ಟು ಚೂಪಾದ ಅಂಚು ವಿಚಿತ್ರ ಅನಿಸುತ್ತದೆ.

ಆದರೆ ಗೆರೆ ಶಾಶ್ವತ ಅಲ್ಲ. ಮುಂದಿನ 20 ವರ್ಷಕ್ಕೆ ಸಾಲುವಷ್ಟು ಜಾಗ ಗಡಿಯೊಳಗೆ ಇರಬೇಕು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ಆಗಾಗ ಲೆಕ್ಕ ಹಾಕಿ ಗೆರೆಯನ್ನು ಸರಿಸುತ್ತಾರೆ. ನಾಳೆ ತನ್ನ ಹೊಲ ಒಳಗೆ ಬರಬಹುದು ಅನ್ನುವ ಆಸೆಯಲ್ಲಿ ಅಂಚಿನ ರೈತ ಹೊಸ ಹಣ್ಣಿನ ಗಿಡ ನೆಡುವುದಿಲ್ಲ, ದನದ ಕೊಟ್ಟಿಗೆ ರಿಪೇರಿ ಮಾಡಿಸುವುದಿಲ್ಲ. ಇದನ್ನು ತಪ್ಪಿಸಲು 2007ರಲ್ಲಿ ಇನ್ನೊಂದು ಕಾನೂನು ತಂದರು. ಮುಂದಿನ 40–50 ವರ್ಷಗಳಲ್ಲಿ ಊರಾಗಬಹುದಾದ ಜಾಗ ಯಾವುದು, ಅಷ್ಟು ಕಾಲ ಹೊಲವಾಗಿಯೇ ಇರಬೇಕಾದ ಜಾಗ ಯಾವುದು ಅಂತ ಮೆಟ್ರೋ ಮತ್ತು ಕೌಂಟಿಗಳು ಒಟ್ಟಿಗೆ ಗುರುತಿಸಬೇಕು. ನನ್ನ ಮಟ್ಟಿಗೆ ಆರೆಗಾನ್ ಮಾಡಿದ ಅತಿ ಜಾಣ ಕೆಲಸ ಇದೇ. ಅಷ್ಟಾದರೂ ಒತ್ತಡ ನಿಲ್ಲಲಿಲ್ಲ. ಚಿಪ್ ಕಾರ್ಖಾನೆಗಳಿಗೆ ಬೇಕಾದರೆ ಗಡಿಯಾಚೆಯ ಜಮೀನನ್ನು ಒಳಗೆ ತರುವ ಅಧಿಕಾರವನ್ನು ಸ್ವಲ್ಪ ಕಾಲದ ಮಟ್ಟಿಗೆ 2023ರಲ್ಲಿ ಗವರ್ನರ್‌ಗೆ ಕೊಟ್ಟರು. ಹಿಲ್ಸ್‌ಬರೋ ಅಂಚಿನ ಹೊಲಗಳ ಮೇಲೆ ಆಗ ಕಣ್ಣು ಬಿತ್ತು.

ಇನ್ನು ರೈತನ ಮಾತು. ಗೆರೆಯ ಒಳಗಿನವನ ಜಮೀನಿಗೆ ಚಿನ್ನದ ಬೆಲೆ, ಹೊರಗಿನವನಿಗೆ ಏನೂ ಇಲ್ಲ. ಪರಿಹಾರವೂ ಇಲ್ಲ. ಈ ಸಿಟ್ಟು 2004ರಲ್ಲಿ ‘ಮೆಷರ್ 37’ ಆಗಿ ಬಂತು. ನಿಯಮದಿಂದ ಜಮೀನಿನ ಬೆಲೆ ಕುಸಿದಿದ್ದರೆ ಸರ್ಕಾರ ದುಡ್ಡು ಕೊಡಲಿ, ಇಲ್ಲವೇ ನಿಯಮ ಬಿಡಲಿ ಅಂತ ಜನ ಮತ ಹಾಕಿದರು. ಸಾವಿರಾರು ಅರ್ಜಿಗಳು ಬಿದ್ದವು. ಅದನ್ನು ಕಂಡು ಗಾಬರಿಯಾದ ಅದೇ ಜನ 2007ರಲ್ಲಿ ‘ಮೆಷರ್ 49’ಕ್ಕೆ ಮತ ಹಾಕಿ ಬಹುಪಾಲು ಹಿಂದೆ ಪಡೆದರು.

ಗಡಿ ದೊಡ್ಡದು ಮಾಡಿದ ಕೂಡಲೇ ಮನೆ ಅಗ್ಗವಾಗುತ್ತದೆ ಅನ್ನುವವರು ಡಮಾಸ್ಕಸ್ ಕಥೆ ಕೇಳಬೇಕು. ಪೋರ್ಟ್‌ಲ್ಯಾಂಡ್‌ನ ಆಗ್ನೇಯಕ್ಕಿರುವ ಆ ಪ್ರದೇಶವನ್ನು 2002ರಲ್ಲಿ ಗಡಿಯೊಳಗೆ ತಂದರು. 2004ರಲ್ಲಿ ಅದು ಸಿಟಿಯಾಯಿತು. ನೀರು, ಚರಂಡಿ, ರಸ್ತೆಗೆ ದುಡ್ಡು ಎಲ್ಲಿಂದ ಅನ್ನುವುದಕ್ಕೆ ಉತ್ತರ ಸಿಗಲೇ ಇಲ್ಲ. ಯೋಜನೆ ಮೇಲೆ ಯೋಜನೆ ಬಿತ್ತು. 2016ರಲ್ಲಿ ಜನ ಮತ ಹಾಕಿ ಸಿಟಿಯೇ ಬೇಡ ಅಂದರು. ನಕ್ಷೆಯ ಗೆರೆಯಿಂದ ಮನೆ ಏಳುವುದಿಲ್ಲ, ಪೈಪ್ ಬೇಕು. ಅದಕ್ಕಿಂತ 2019ರಲ್ಲಿ ರಾಜ್ಯ ತಂದ ಬದಲಾವಣೆ ನನಗೆ ಜಾಸ್ತಿ ಹಿಡಿಸಿತು. ಒಂಟಿ ಮನೆಗಷ್ಟೇ ಮೀಸಲಾಗಿದ್ದ ಬಡಾವಣೆಗಳಲ್ಲಿ ಎರಡು ಮನೆ, ದೊಡ್ಡ ಊರುಗಳಲ್ಲಿ ನಾಲ್ಕು ಮನೆಯ ಕಟ್ಟಡಕ್ಕೂ ದಾರಿ ಮಾಡಿಕೊಟ್ಟರು. ಗಡಿ ಬಿಗಿ ಮಾಡಿದವರು ಒಳಗೆ ಸಡಿಲ ಮಾಡಲೇಬೇಕು, ಅಲ್ವಾ?

ಜಮೀನನ್ನೇ ಕೊಳ್ಳುವುದು

ಕೊಲೊರಾಡೋದ ಬೋಲ್ಡರ್ ಜನ 1967ರಲ್ಲೇ ತಮ್ಮ ಮೇಲೆ ತಾವೇ ಸೇಲ್ಸ್ ಟ್ಯಾಕ್ಸ್ ಹಾಕಿಕೊಂಡರು. 100 ಡಾಲರ್ ಖರೀದಿಗೆ 40 ಸೆಂಟ್. ಮುಖ್ಯ ಉದ್ದೇಶ ಊರ ಸುತ್ತಲಿನ ಜಮೀನು ಕೊಳ್ಳುವುದು. ಇವತ್ತು ಸಿಟಿ 45 ಸಾವಿರಕ್ಕೂ ಜಾಸ್ತಿ ಎಕರೆ ನೋಡಿಕೊಳ್ಳುತ್ತದೆ. ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ದುಡ್ಡಿನ ಜೊತೆಗೆ ಒಪ್ಪಂದವೂ ಇತ್ತು. 1970ರ ದಶಕದಲ್ಲಿ ಸಿಟಿ ಮತ್ತು ಕೌಂಟಿ ಸೇರಿ ಬೋಲ್ಡರ್ ಕಣಿವೆಗೆ ಒಂದೇ ಯೋಜನೆ ಮಾಡಿದವು. ಒಂದನೇ ಪ್ರದೇಶ ಅಂದರೆ ಈಗಿನ ಊರು. ಎರಡನೆಯದು ಮುಂದೆ ಊರಿಗೆ ಸೇರಬಹುದಾದದ್ದು. ಮೂರನೆಯದು ಹಳ್ಳಿಯಾಗಿಯೇ ಉಳಿಯಬೇಕಾದದ್ದು. ಮೂರರಿಂದ ಎರಡಕ್ಕೆ ತರಬೇಕಾದರೆ ಸಿಟಿಯೂ ಒಪ್ಪಬೇಕು, ಕೌಂಟಿಯೂ ಒಪ್ಪಬೇಕು. ಹಾಗಾಗಿ ಒಬ್ಬರು ಬದಲಾದರೂ ಇನ್ನೊಬ್ಬರು ತಡೆಯುತ್ತಾರೆ.

ಬಾಳಿಕೆಯ ಪ್ರಶ್ನೆಗೆ ಇದಕ್ಕೆ ಪೂರ್ಣ ಅಂಕ. ರೈತನಿಗೂ ಮಾರುಕಟ್ಟೆ ಬೆಲೆ ಸಿಗುತ್ತದೆ. ಆದರೆ ಮಾರಿದ ಮೇಲೆ ಅವನು ಯಜಮಾನನಲ್ಲ. ಬೇಕಾದರೆ ಸಿಟಿಯಿಂದ ಗುತ್ತಿಗೆಗೆ ತೆಗೆದುಕೊಂಡು ಉಳಬೇಕು. ಆಗ ಹೊಸ ತಕರಾರುಗಳು ಹುಟ್ಟುತ್ತವೆ. ಬೋಲ್ಡರ್‌ನಲ್ಲಿ ನೀರಾವರಿ ಹೊಲಗಳಲ್ಲಿ ಬಿಲ ತೋಡುವ ಪ್ರೇರಿ ಡಾಗ್ ಅನ್ನುವ ಅಳಿಲು ಜಾತಿಯ ಪ್ರಾಣಿಗಳನ್ನು ಏನು ಮಾಡಬೇಕು ಅನ್ನುವುದೇ ವರ್ಷಗಟ್ಟಲೆ ಚರ್ಚೆಯಾಯಿತು. ವಾಕಿಂಗ್ ಬರುವವರಿಗೆ ಅವು ಮುದ್ದು, ಗುತ್ತಿಗೆದಾರನಿಗೆ ತಲೆನೋವು.

ಐದನೇ ಪ್ರಶ್ನೆಯಲ್ಲಿ ಮಾತ್ರ ಬೋಲ್ಡರ್ ಸೋಲುತ್ತದೆ. ಸುತ್ತ ಜಮೀನು ಕೊಂಡರು, ಒಳಗೆ 1976ರಲ್ಲಿ ಹೊಸ ಮನೆಗಳಿಗೆ ವಾರ್ಷಿಕ ಮಿತಿ ಹಾಕಿದರು, ಎತ್ತರದ ಕಟ್ಟಡಗಳಿಗೂ ಮಿತಿ ಇದೆ. ವಿಶ್ವವಿದ್ಯಾಲಯ, ಟೆಕ್ ಕಂಪನಿಗಳ ಕೆಲಸಗಳು ಮಾತ್ರ ಬಂದವು. ಕೆಲಸಕ್ಕೆ ಬರುವವರು ಲಾಂಗ್‌ಮಾಂಟ್, ಈರಿ, ಲಫಾಯೆಟ್ ಕಡೆಯಿಂದ ಕಾರಿನಲ್ಲಿ ಬರುತ್ತಾರೆ. ಆಗಲೇ ಮನೆ ಕೊಂಡವರು ಸುಖವಾಗಿದ್ದಾರೆ.

ತಡವಾಗಿ ಕೊಂಡರೆ ಎಷ್ಟು ಬೆಲೆ ತೆರಬೇಕು ಅನ್ನುವುದಕ್ಕೆ ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಕೊಯೋಟಿ ವ್ಯಾಲಿ ನೋಡಿ. ಅಲ್ಲಿ 20 ಸಾವಿರ ಉದ್ಯೋಗಿಗಳ ಕ್ಯಾಂಪಸ್ ಕಟ್ಟಲು ಸಿಸ್ಕೋ ಹೊರಟಿತ್ತು. ಡಾಟ್‌ಕಾಮ್ ಗುಳ್ಳೆ ಒಡೆದು ಅದು ನಿಂತಿತು. ಆದರೆ ಕೈಗಾರಿಕೆಗೆ ಮೀಸಲಿಟ್ಟ ಜಮೀನು ಅನ್ನುವ ಹಣೆಪಟ್ಟಿ ಉಳಿಯಿತು, ಬೆಲೆಯೂ ಹಾಗೆಯೇ ಉಳಿಯಿತು. 2018ರಲ್ಲಿ ಮತದಾರರು ಒಪ್ಪಿದ 65 ಕೋಟಿ ಡಾಲರ್ ಬಾಂಡ್‌ನಲ್ಲಿ (ಸರ್ಕಾರ ಎತ್ತುವ ಸಾಲ) 5 ಕೋಟಿವರೆಗೆ ಈ ಕಣಿವೆಗೆ ಬಳಸಲು ಅವಕಾಶವಿತ್ತು. 2019ರಲ್ಲಿ ಸಿಟಿ, ಪೆನಿನ್ಸುಲಾ ಓಪನ್ ಸ್ಪೇಸ್ ಟ್ರಸ್ಟ್ ಮತ್ತು ಸಾಂಟಾ ಕ್ಲಾರಾ ವ್ಯಾಲಿಯ ಓಪನ್ ಸ್ಪೇಸ್ ಪ್ರಾಧಿಕಾರ ಸೇರಿ 937 ಎಕರೆ ಕೊಂಡವು. ಬೆಲೆ 9.3 ಕೋಟಿ ಡಾಲರ್. ಎಕರೆಗೆ ಹತ್ತಿರ ಹತ್ತಿರ ಒಂದು ಲಕ್ಷ! 2021ರಲ್ಲಿ ಸಿಟಿ ಕೌನ್ಸಿಲ್ ಕೈಗಾರಿಕೆಯ ಹಣೆಪಟ್ಟಿಯನ್ನೂ ಕಿತ್ತು ಹಾಕಿತು. ಮಳೆನೀರು ಇಂಗಲು, ಎರಡು ಬೆಟ್ಟಸಾಲುಗಳ ನಡುವೆ ಪ್ರಾಣಿಗಳು ದಾಟಲು ಆ ಕಣಿವೆ ಬೇಕೇ ಬೇಕು, ನಿಜ. ಆದರೆ ಹಣೆಪಟ್ಟಿ ಮೊದಲೇ ಬದಲಾಗಿದ್ದರೆ ಅಷ್ಟು ದುಡ್ಡು ಬೇಕಾಗುತ್ತಿತ್ತಾ? ನನಗೇನೋ ಅನುಮಾನ.

ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುವುದು

ಇದರ ಲೆಕ್ಕ ಸುಲಭ. ಉದಾಹರಣೆಗೆ, ಒಂದು ಎಕರೆಗೆ ಬಿಲ್ಡರ್ 40 ಸಾವಿರ ಡಾಲರ್ ಕೊಡುತ್ತಾನೆ, ಬೇಸಾಯಕ್ಕೆ ಕೊಳ್ಳುವವನು 10 ಸಾವಿರ ಕೊಡುತ್ತಾನೆ ಅಂದುಕೊಳ್ಳಿ. ನಡುವಿನ 30 ಸಾವಿರವೇ ಕಟ್ಟುವ ಹಕ್ಕಿನ ಬೆಲೆ. ಸರ್ಕಾರ ಅದನ್ನು ರೈತನಿಗೆ ಕೊಟ್ಟು, ಇನ್ನು ಮುಂದೆ ಇಲ್ಲಿ ಬಡಾವಣೆ ಬರುವಂತಿಲ್ಲ ಅಂತ ಪತ್ರದಲ್ಲೇ ಬರೆಸಿಕೊಳ್ಳುತ್ತದೆ. ಇದನ್ನು ಈಸ್‌ಮೆಂಟ್ ಅನ್ನುತ್ತಾರೆ. ಜಮೀನು ರೈತನದ್ದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಯಾರ ಕೈಗೆ ಹೋದರೂ ಷರತ್ತು ಜೊತೆಗೇ ಹೋಗುತ್ತದೆ.

ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ 1979ರಲ್ಲೇ ಮತದಾರರು ಇದಕ್ಕಾಗಿ 5 ಕೋಟಿ ಡಾಲರ್ ಬಾಂಡ್ ಒಪ್ಪಿದ್ದರು. ಲೆಕ್ಸಿಂಗ್ಟನ್ 2000ದಲ್ಲಿ ಶುರು ಮಾಡಿತು. ಅಲ್ಲಿ 1974ರಿಂದ ಸಿಟಿಯೂ ಕೌಂಟಿಯೂ ಒಂದೇ ಸರ್ಕಾರ. ಹಾಗಾಗಿ ಯಾರು ಯಾರನ್ನು ಕೇಳಬೇಕು ಅನ್ನುವ ಗೋಜಿಲ್ಲ. 50 ಸಾವಿರ ಎಕರೆ ಗುರಿ ಇಟ್ಟುಕೊಂಡು 30 ಸಾವಿರ ದಾಟಿದ್ದಾರೆ. ಆದರೂ ಮನೆಗಳ ಒತ್ತಡ ಬಿಡಲಿಲ್ಲ. 2023ರಲ್ಲಿ ಕೌನ್ಸಿಲ್ ಊರಿನ ಗಡಿಯನ್ನು ಹಿಗ್ಗಿಸಲು ಒಪ್ಪಿತು. 1996ರ ನಂತರ ಅಷ್ಟು ದೊಡ್ಡ ವಿಸ್ತರಣೆ ಆಗಿರಲಿಲ್ಲ. ಗಡಿ ಸರಿದರೂ ಈಸ್‌ಮೆಂಟ್ ಆದ ಫಾರ್ಮ್‌ಗಳನ್ನು ಯಾರೂ ಮುಟ್ಟುವಂತಿಲ್ಲ. ಗೆರೆ ಮತ್ತು ಹಕ್ಕು ಕೊಳ್ಳುವುದು ಎರಡೂ ಜೊತೆಗಿರಬೇಕು ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಖರ್ಚು? ಜಮೀನು ಕೊಳ್ಳುವುದಕ್ಕಿಂತ ಕಡಿಮೆ, ಆದರೂ ದೊಡ್ಡದೇ. ಕೃಷಿ ಇಲಾಖೆಯ ಈಸ್‌ಮೆಂಟ್ ಯೋಜನೆಯಲ್ಲಿ ಸಾಮಾನ್ಯವಾಗಿ ಬೆಲೆಯ ಅರ್ಧದವರೆಗೆ ಕೇಂದ್ರ ಸರ್ಕಾರ ಕೊಡುತ್ತದೆ. ಬಡ ಕೌಂಟಿಗೆ ಇದು ದೊಡ್ಡ ಆಸರೆ. ದೌರ್ಬಲ್ಯ ಅಂದರೆ ರೈತ ಒಪ್ಪಿದರೆ ಮಾತ್ರ ಆಗುತ್ತದೆ. ಇಲ್ಲೊಂದು ಫಾರ್ಮ್ ಉಳಿದು, ಪಕ್ಕದ್ದು ಲೇಔಟ್ ಆಗಿ, ಅದರ ಪಕ್ಕದ್ದು ಮತ್ತೆ ಫಾರ್ಮ್. ಹೊಸ ಮನೆಯವರು ಗೊಬ್ಬರದ ವಾಸನೆ, ಬೆಳಗಿನ ಟ್ರ್ಯಾಕ್ಟರ್ ಸದ್ದಿನ ಮೇಲೆ ದೂರು ಕೊಡಲು ಶುರು ಮಾಡುತ್ತಾರೆ. ಮನೆ ಕೊಳ್ಳುವಾಗ ‘ಕಂಟ್ರಿ ವ್ಯೂ’ ಅಂತ ಜಾಸ್ತಿ ಕೊಟ್ಟವರೂ ಅವರೇ!

ಹಕ್ಕನ್ನು ಊರೊಳಗೆ ಸಾಗಿಸುವುದು

ಟಿಡಿಆರ್ ಅಂದರೆ ಬೆಂಗಳೂರಿನವರಿಗೆ ರಸ್ತೆ ಅಗಲೀಕರಣ ನೆನಪಾಗುತ್ತದೆ. ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಬೇರೆ ಕಡೆ ಕಟ್ಟುವ ಹಕ್ಕು. ಇಲ್ಲಿ ಅದೇ ಉಪಾಯವನ್ನು ಹೊಲ ಉಳಿಸಲು ಬಳಸುತ್ತಾರೆ. ಹೊಲದ ಮೇಲಿನ ಹಕ್ಕನ್ನು ಊರೊಳಗಿನ ಬಿಲ್ಡರ್ ಕೊಂಡು ಜಾಸ್ತಿ ಮನೆ ಅಥವಾ ಮಹಡಿ ಕಟ್ಟುತ್ತಾನೆ.

ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿ ಇದಕ್ಕೆ ಹೆಸರುವಾಸಿ. ಜರ್ಮನ್‌ಟೌನ್, ಕ್ಲಾರ್ಕ್ಸ್‌ಬರ್ಗ್ ಕಡೆ ಇರುವ ಕನ್ನಡಿಗರು ಪೂಲ್ಸ್‌ವಿಲ್ ಕಡೆಗೆ ಡ್ರೈವ್ ಹೋದರೆ ಮನೆಗಳು ನಿಂತು ಹೊಲಗಳು ಶುರುವಾಗುವುದು ಕಾಣುತ್ತದೆ. ಅದೇ 1980ರ ಕೃಷಿ ಮೀಸಲು ಪ್ರದೇಶ. ಸುಮಾರು 93 ಸಾವಿರ ಎಕರೆ, ಕೌಂಟಿಯ ಮೂರನೇ ಒಂದು ಭಾಗ. ಮೊದಲು 5 ಎಕರೆಗೆ ಒಂದು ಮನೆ ಕಟ್ಟಬಹುದಿತ್ತು. ಅದನ್ನು 25 ಎಕರೆಗೆ ಒಂದು ಅಂತ ಇಳಿಸಿದರು. ಆದರೆ 5 ಎಕರೆಗೆ ಒಂದರಂತೆ ಟಿಡಿಆರ್ ಕೊಟ್ಟರು. ಅಂದರೆ 100 ಎಕರೆ ಇದ್ದವನಿಗೆ 20 ಹಕ್ಕು. ನಾಲ್ಕು ಮನೆಗೆ ನಾಲ್ಕು ಇಟ್ಟುಕೊಂಡು ಉಳಿದ 16ನ್ನು ಮಾರಬಹುದು. ಸರ್ಕಾರದ ಖಜಾನೆಯಿಂದ ಕೊಡಬೇಕಿಲ್ಲ. 50 ಸಾವಿರಕ್ಕೂ ಜಾಸ್ತಿ ಎಕರೆ ಹೀಗೆ ಉಳಿದಿದೆ.

ಈ ದಾರಿ ನಾನು ಹೇಳಿದ ಐದನೇ ಪ್ರಶ್ನೆಗೆ ತಾನಾಗಿಯೇ ಉತ್ತರ ಕೊಡುತ್ತದೆ. ಹೊಲದ ಮನೆಗಳು ಊರೊಳಗೆ ಬರಲೇಬೇಕು, ಇಲ್ಲದಿದ್ದರೆ ವ್ಯಾಪಾರವೇ ನಡೆಯುವುದಿಲ್ಲ. ತೊಡಕೂ ಅಲ್ಲೇ ಇದೆ. ನಮ್ಮ ಬೀದಿಯಲ್ಲಿ ಜಾಸ್ತಿ ಮನೆ ಬೇಡ ಅನ್ನುವವರು ಎದ್ದು ನಿಲ್ಲುತ್ತಾರೆ. ಮಾಂಟ್ಗೊಮರಿಯಲ್ಲಿ ಒಂದು ನಾಗರಿಕರ ಸಂಘ ಕೋರ್ಟಿಗೆ ಹೋಗಿ 1987ರಲ್ಲಿ ಗೆದ್ದಿತು. ಹಕ್ಕು ಇಳಿಸುವ ಜಾಗವನ್ನು ಯೋಜನೆಯ ಪುಸ್ತಕದಲ್ಲಿ ಬರೆದರೆ ಸಾಲದು, ಝೋನಿಂಗ್ ಮಾಡಿಯೇ, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ಕಾನೂನಿನಲ್ಲೇ ಗುರುತಿಸಬೇಕು ಅಂತ ತೀರ್ಪು ಬಂತು. ಕೌಂಟಿ ನಿಯಮ ತಿದ್ದಬೇಕಾಯಿತು. ಇನ್ನೊಂದು ಸಮಸ್ಯೆ: ಊರೊಳಗೆ ಟಿಡಿಆರ್ ಇಲ್ಲದೆಯೇ ಎತ್ತರ ಕಟ್ಟಲು ಬಿಟ್ಟರೆ ಅದನ್ನು ಯಾರು ಕೊಳ್ಳುತ್ತಾರೆ? ರೈತನ ಕೈಯಲ್ಲಿ ಬರೀ ಕಾಗದ ಉಳಿಯುತ್ತದೆ.

ಹೊಲ ಕೌಂಟಿಯದ್ದು, ಎತ್ತರದ ಕಟ್ಟಡ ಸಿಟಿಯದ್ದು ಆದರೆ? ಮನೆಗಳ ಗದ್ದಲ ಸಿಟಿಗೆ, ಹಸಿರು ಕೌಂಟಿಗೆ. ಸಿಟಿ ಯಾಕೆ ಒಪ್ಪಬೇಕು? ಸಿಯಾಟಲ್ ಮತ್ತು ಕಿಂಗ್ ಕೌಂಟಿ ಇದಕ್ಕೆ ಒಳ್ಳೆಯ ಉತ್ತರ ಕಂಡುಕೊಂಡವು. ಅಮೆಜಾನ್ ಆಫೀಸುಗಳಿರುವ ಸೌತ್ ಲೇಕ್ ಯೂನಿಯನ್‌ನಲ್ಲಿ ಜಾಸ್ತಿ ಎತ್ತರ ಬೇಕಾದವರು ಕೌಂಟಿಯ ಹೊಲ, ಕಾಡುಗಳ ಹಕ್ಕು ಕೊಳ್ಳಬೇಕು ಅಂತ 2013ರಲ್ಲಿ ಒಪ್ಪಂದವಾಯಿತು. ಬದಲಿಗೆ ಆ ಹೊಸ ಕಟ್ಟಡಗಳಿಂದ ಕೌಂಟಿಗೆ ಬರುವ ಪ್ರಾಪರ್ಟಿ ಟ್ಯಾಕ್ಸ್‌ನ ಒಂದು ಪಾಲನ್ನು 25 ವರ್ಷದವರೆಗೆ ಸಿಟಿಗೆ ಕೊಡುತ್ತಾರೆ, ಅದೇ ಬೀದಿಗಳ ರಸ್ತೆ, ಪಾರ್ಕ್‌ಗಳಿಗೆ. ಕಿಂಗ್ ಕೌಂಟಿಯ ಟಿಡಿಆರ್ ಯೋಜನೆ ಒಟ್ಟು 1 ಲಕ್ಷ 40 ಸಾವಿರಕ್ಕೂ ಜಾಸ್ತಿ ಎಕರೆ ಉಳಿಸಿದೆ. ಅದರಲ್ಲಿ 90 ಸಾವಿರ ಎಕರೆ 2004ರಲ್ಲಿ ಒಂದೇ ಸಲ ಬಂದ ಸ್ನೋಕ್ವಾಲ್ಮಿ ಕಾಡು. ಹಾಗಾಗಿ ಅಂಕಿ ನೋಡಿ ಎಲ್ಲವೂ ಹೊಲ ಅಂದುಕೊಳ್ಳಬೇಡಿ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ಕೌಂಟಿಯಲ್ಲಿ ಬೆಳವಣಿಗೆ ಈಗಷ್ಟೇ ಕಾಲಿಡುತ್ತಿದೆ, ಜಮೀನು ಇನ್ನೂ ಅಗ್ಗ ಅನ್ನುವುದಾದರೆ ಹಕ್ಕು ಕೊಳ್ಳುವ ಬಾಂಡ್‌ಗೆ ಈಗಲೇ ಯೆಸ್ ಹಾಕಿ. ಹತ್ತು ವರ್ಷ ಬಿಟ್ಟು ಅದೇ ದುಡ್ಡಿಗೆ ತುಂಬ ಕಡಿಮೆ ಎಕರೆ ಬರುತ್ತದೆ. ಇಂಥ ಕಡೆ ಟಿಡಿಆರ್ ಪ್ರಯತ್ನ ಸುಮ್ನೆ ದಂಡ. ಊರೊಳಗೆ ಎತ್ತರ ಕಟ್ಟುವವರೇ ಇಲ್ಲದಿದ್ದರೆ ಹಕ್ಕು ಕೊಳ್ಳುವವರು ಎಲ್ಲಿ ಸಿಗಬೇಕು?

ಜಮೀನು ಈಗಾಗಲೇ ದುಬಾರಿ, ಕಂಪನಿಗಳು ಸಾಲುಗಟ್ಟಿ ಬರುತ್ತಿವೆ ಅನ್ನುವ ಕಡೆ ಟಿಡಿಆರ್‌ಗೆ ಜೀವ ಇರುತ್ತದೆ. ಅಲ್ಲಿ ಸಿಯಾಟಲ್ ಮಾದರಿಯ ತೆರಿಗೆ ಹಂಚಿಕೆ ಇದೆಯಾ ಅಂತ ಹುಡುಕಿ. ಅದಿಲ್ಲದ ಒಪ್ಪಂದಕ್ಕೆ ಸಿಟಿ ಸಹಿ ಹಾಕಿದರೂ ಮನಸ್ಸಿಟ್ಟು ನಡೆಸುವುದಿಲ್ಲ.

ಕೌಂಟಿಯ ಹತ್ತಿರ ದುಡ್ಡೇ ಇಲ್ಲ ಅಂದರೆ ಸಾಂಟಾ ಕ್ಲಾರಾದ ಹಾಗೆ ಬರೀ ಒಪ್ಪಂದದಿಂದಲೂ ಶುರು ಮಾಡಬಹುದು. ಹೊಲ ಉಳಿದರೆ ಬೊಕ್ಕಸಕ್ಕೆ ನಷ್ಟ ಅನ್ನುವವರ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಹಲವು ಕೌಂಟಿಗಳ ಲೆಕ್ಕ ಕೂಡಿಸಿ ನೋಡಿದಾಗ ಕಂಡದ್ದು ಇಷ್ಟು: ಮನೆಗಳು ಒಂದು ಡಾಲರ್ ತೆರಿಗೆ ಕೊಟ್ಟು ಅದಕ್ಕಿಂತ ಜಾಸ್ತಿ ಸೇವೆ ಪಡೆಯುತ್ತವೆ, ಹೊಲಗಳು ಅರ್ಧ ಡಾಲರ್‌ನಷ್ಟೂ ಪಡೆಯುವುದಿಲ್ಲ. ಹಸುಗಳಿಗೆ ಶಾಲೆ ಬೇಡವಲ್ಲ.

ಸ್ವಂತ ಮನೆ ಇರುವವರಿಗೆ ಬೋಲ್ಡರ್ ಮಾದರಿ ಹಾಯಾಗಿ ಕಾಣುತ್ತದೆ. ನೋಟ ಚೆಂದ, ಬೆಲೆಯೂ ಏರುತ್ತದೆ. ಬಾಡಿಗೆಯಲ್ಲಿರುವವರು, ಈಗಷ್ಟೇ ಕೆಲಸಕ್ಕೆ ಸೇರಿದ ಮಕ್ಕಳಿರುವವರು ಅದೇ ಯೋಜನೆಯನ್ನು ಬೇರೆ ಕಣ್ಣಿನಿಂದ ನೋಡಬೇಕು. ಗಡಿ ಬಿಗಿಯಾದಷ್ಟೇ ಒಳಗೆ ಟೌನ್‌ಹೌಸ್, ಅಪಾರ್ಟ್‌ಮೆಂಟ್‌ಗಳಿಗೆ ಜಾಗ ಸಡಿಲವಾಗಿದೆಯಾ ಅಂತ ಕೇಳಿ.

ಕೆಲವರು ಊರಾಚೆ 10–20 ಎಕರೆ ಕೊಂಡು ಸಣ್ಣ ಫಾರ್ಮ್ ಮಾಡಿಕೊಂಡಿದ್ದೀರಿ. ನಿಮಗೆ ಈಸ್‌ಮೆಂಟ್ ಮಾರುವ ಅವಕಾಶ ಬಂದರೆ ಮೊದಲು ಮಕ್ಕಳ ಜೊತೆ ಕೂತು ಮಾತಾಡಿ. ಒಮ್ಮೆ ಬರೆದುಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬಿಡಿಸಿಕೊಳ್ಳಲು ಆಗುವುದಿಲ್ಲ. ಕೊಟ್ಟಿಗೆ, ಕೆಲಸದವರ ಮನೆ, ಮಗನಿಗೊಂದು ಮನೆ ಇವೆಲ್ಲ ಎಲ್ಲಿ ಬರಬಹುದು ಅಂತ ಪತ್ರದಲ್ಲೇ ಜಾಗ ಗುರುತಿಸಿಕೊಳ್ಳಿ. ಸ್ವತಂತ್ರವಾಗಿ ಬೆಲೆ ಕಟ್ಟುವವರನ್ನೂ ಇಂಥ ಪತ್ರ ಮೊದಲು ನೋಡಿದ ವಕೀಲರನ್ನೂ ಹಿಡಿಯಿರಿ. ಒಂದಷ್ಟು ಬೆಲೆಯನ್ನು ದಾನವಾಗಿ ಬಿಟ್ಟುಕೊಟ್ಟರೆ ಕೇಂದ್ರದ ಆದಾಯ ತೆರಿಗೆಯಲ್ಲಿ ಕಡಿತ ಸಿಗುವ ಸಾಧ್ಯತೆ ಇದೆ. ನಿಮ್ಮ ತೆರಿಗೆ ಲೆಕ್ಕ ನೋಡುವ ಸಿಪಿಎ ಹತ್ತಿರ ಕೇಳಿಕೊಳ್ಳಿ.

ಪ್ಲಾನಿಂಗ್ ಕಮಿಷನ್‌ನ ಹಿಯರಿಂಗ್‌ಗೆ ಹೋಗುವವರಿಗೆ ಒಂದು ಮಾತು. ಮೈಕ್ ಮುಂದೆ ಸಾಮಾನ್ಯವಾಗಿ ಎರಡು–ಮೂರು ನಿಮಿಷ ಸಿಗುತ್ತದೆ. ಹಸಿರಿನ ಮಹಿಮೆ ಹೇಳುತ್ತಾ ಅದನ್ನು ಕಳೆಯಬೇಡಿ. ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಒಬ್ಬರೇ ರದ್ದು ಮಾಡಬಹುದಾ, ಹೊರಗೆ ಕಳೆದ ಮನೆಗಳ ಲೆಕ್ಕ ಒಳಗೆ ಯಾವ ಬೀದಿಗಳಲ್ಲಿ ಸೇರಿದೆ, ಅಲ್ಲಿಗೆ ಚರಂಡಿ ಪೈಪ್ ಹಾಕಲು ದುಡ್ಡು ಎಲ್ಲಿದೆ, ಇಷ್ಟು ಕೇಳಿ. ಬೀದಿಗಳ ಹೆಸರು ಹೇಳಲು ಆಗದೆ ‘ಮುಂದೆ ನೋಡೋಣ’ ಅಂದರೆ, ನಾನಾಗಿದ್ದರೆ ಗಡಿಯ ಪ್ರಸ್ತಾಪಕ್ಕೆ ನೋ ಹಾಕುತ್ತೇನೆ. ಅದೇ ಬ್ಯಾಲೆಟ್‌ನಲ್ಲಿ ಹಕ್ಕು ಕೊಳ್ಳುವ ಬಾಂಡ್ ಇದ್ದರೆ ಅದಕ್ಕೆ ಮಾತ್ರ ಯೆಸ್.